ಮಗನ ತೂಕದ ಬೆಲ್ಲ

ನಮ್ಮ ಯಜಮಾನರು ಸೈನ್ಯದಲ್ಲಿ ಹೆಲಿಕಾಪ್ಟರ್ ಓಡಿಸುತ್ತಿದ್ದರು. ಹೀಗೆಂದು ಅವರ ಊರು ಕೌದಳ್ಳಿಯಲ್ಲಿ ಹೇಳಿದರೆ ಜನ ಕೇಳುವ ಮೊದಲ ಪ್ರಶ್ನೆ, "ಮೈಲೇಜ್ ಎಷ್ಟ್ ಕೊಡ್ತದೆ ಸಾ?" ಮಾರ್ಟಳ್ಳಿಯ ನೆಂಟರೊಬ್ಬರಂತೂ ಆನೆಗಳು ಜೋಳದ ಹೊಲಕ್ಕೆ ನುಗ್ಗಿದಾಗಲೆಲ್ಲ ಫೋನ್ ಮಾಡಿ, "ಒಂದ್ಸಲ ತಕಂಡು ಬನ್ನಿ ಸಾ. ಮೇಲ್ಗಡಿಂದ ಸದ್ದು ಮಾಡ್ಬುಟ್ಟು ಓದ್ರೆ ಸಾಕು" ಅನ್ನುತ್ತಿದ್ದರು. ಇವರೂ ಅಷ್ಟೇ ಗಂಭೀರವಾಗಿ, ಪರ್ಮಿಷನ್ ಸಿಗುವುದು ಸ್ವಲ್ಪ ಕಷ್ಟ ಎಂದು ಉತ್ತರ ಕೊಡುತ್ತಿದ್ದರು.

ನನ್ನ ಅತ್ತೆಗೆ ಮಾತ್ರ ಆ ಯಂತ್ರದ ಮೇಲೆ ಕುತೂಹಲವಿರಲಿಲ್ಲ, ಸಿಟ್ಟಿತ್ತು. ಹನೂರಿಗೆ ಯಾವುದೋ ಮಂತ್ರಿಯ ಹೆಲಿಕಾಪ್ಟರ್ ಬಂದಾಗ ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನೋಡಲು ಹೋಯಿತು. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗ ಅಷ್ಟು ವರ್ಷ ಹಾರಿದರೂ ಅವನು ಹಾರುವುದನ್ನು ಅವರು ಒಮ್ಮೆಯೂ ನೋಡಿದವರಲ್ಲ. "ನೆಲ ಬುಟ್ಟೋನ್ಗೆ ಮಾದಪ್ಪನೇ ಗತಿ" ಎಂದು ಮಾತು ಮುಗಿಸುತ್ತಿದ್ದರು.

ಯುದ್ಧ ನಡೆದಾಗ ಇವರು ಹಿಮದ ಬೆಟ್ಟಗಳ ಕಡೆ ಇದ್ದರು. ಅತ್ತೆ ರೇಡಿಯೋ ಮುಂದೆ ಕುಳಿತವರು ಮುದ್ದೆ ಮುಟ್ಟಲಿಲ್ಲ. ಕೊನೆಗೆ ಎದ್ದು ಊರ ಮಾದಪ್ಪನ ಗುಡಿಗೆ ಹೋಗಿ ಹರಕೆ ಹೊತ್ತು ಬಂದರು. ಮಗ ಜೀವಂತ ಬಂದರೆ ಅವನ ತೂಕದ ಬೆಲ್ಲ ತೂಗಿಸುತ್ತೇನೆ ಅಂತ.

ಮಗ ಬಂದ. ಕುಂಟುತ್ತಾ ಬಂದ. ಬೂಟು ಕಚ್ಚಿತು ಎಂದು ತಾಯಿಗೂ ನನಗೂ ಒಂದೇ ಸುಳ್ಳು ಹೇಳಿದ. ನಿಜ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಪಕ್ಕದ ಸೀಟಿನಲ್ಲಿ ಕೂತು ಹಾರಿದ್ದ ಅವರ ಗೆಳೆಯರಿಂದ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಂತೆ, ಯಂತ್ರಕ್ಕೆ ಉಸಿರು ಸಾಲದಂತೆ. ಗಾಯಾಳು ಒಬ್ಬನನ್ನು ತರಬಹುದು, ಇಬ್ಬರನ್ನು ತರುವಂತಿಲ್ಲ. ಅಲ್ಲಿ ಬಿದ್ದಿದ್ದವರು ಇಬ್ಬರು. ಎದುರು ಗುಡ್ಡದಿಂದ ಗುಂಡು, ಕೆಳಗಿನಿಂದ ಮಂಜು. ಇನ್ನೊಮ್ಮೆ ಬರುವ ಮಾತೇ ಇಲ್ಲ. ಇವರು ಹಿಂದಿನ ಸೀಟು ಕಿತ್ತು ಎಸೆಸಿದರು, ಬಾಗಿಲು ಬಿಚ್ಚಿಸಿದರು, ಸಾಮಾನಿನ ಪೆಟ್ಟಿಗೆ ಎಸೆಸಿದರು. ಆಗಲೂ ಯಂತ್ರ ಏಳಲಿಲ್ಲವೆಂದು ತಮ್ಮ ದಪ್ಪ ಕೋಟು, ಕೊನೆಗೆ ಬೂಟು. ಹುಡುಗರಿಬ್ಬರೂ ಬದುಕಿದರು. ಇವರು ಹಿಮದಲ್ಲಿ ಬರಿಗಾಲಲ್ಲಿ ಇಳಿದದ್ದನ್ನು ಕಂಡು ಡಾಕ್ಟರು ಗಾಯಾಳು ಯಾರು ಎಂದು ಗಲಿಬಿಲಿಗೊಂಡರಂತೆ. ಕೇಳಿ ನನಗೆ ಅಳು ಬಂತು. ಅಳು ನಿಂತ ಮೇಲೆ, ಕೋಟು ಎಸೆದ ಮನುಷ್ಯ ಮನೆಯಲ್ಲಿ ಹಳೇ ಪ್ಯಾಂಟು ಎಸೆಯಲು ಯಾಕೆ ಬಿಡುವುದಿಲ್ಲ ಎಂದು ಸಿಟ್ಟೂ ಬಂತು.

ಪದಕ ಬಂತು, ಹರಕೆ ಮಾತ್ರ ಹಾಗೇ ಉಳಿಯಿತು. ರಜೆ ಸಿಕ್ಕಾಗ ಸೂತಕ, ಸೂತಕ ಕಳೆದಾಗ ರಜೆಯಿಲ್ಲ. ಒಮ್ಮೆ ನನ್ನ ಬಾಣಂತನ, ಇನ್ನೊಮ್ಮೆ ಎಲ್ಲೋ ನೆರೆ ಬಂದು ಇವರು ಮನೆಗಳ ಮಾಡಿನಿಂದ ಜನರನ್ನು ಎತ್ತಲು ಹೊರಟರು. ಆಮೇಲೆ ಹುಡುಗರಿಗೆ ಹಾರುವುದನ್ನು ಕಲಿಸುವ ಮೇಷ್ಟ್ರಾದರು. ದೇಶದಲ್ಲಿ ಎಲ್ಲಿ ಹೆಲಿಕಾಪ್ಟರ್ ಬಿದ್ದ ಸುದ್ದಿ ಬಂದರೂ ಅತ್ತೆ ನನ್ನನ್ನು ಕರೆದು, "ಮಾದಪ್ಪ ನೆಪ್ಪು ಮಾಡ್ತಾವ್ನೆ ಕಣಮ್ಮಿ" ಅನ್ನುತ್ತಿದ್ದರು.

ನಿವೃತ್ತರಾಗಿ ಕೊಳ್ಳೇಗಾಲದಲ್ಲಿ ಮನೆ ಮಾಡಿದ ಮೇಲೆ ಇವರಿಗೆ ಎರಡೇ ಕೆಲಸ, ಪೇಪರು ಮತ್ತು ಮಸಾಲೆ ದೋಸೆ. ಅಷ್ಟರಲ್ಲಿ ಎಂಬತ್ತು ದಾಟಿದ್ದ ಅತ್ತೆ ಒಂದು ದಿನ ಕೋಲೂರಿಕೊಂಡು ಬಸ್ಸಿಳಿದು ಬಂದರು. "ಹರಕೆ ಒತ್ಕಂಡು ನಾ ಮಣ್ಗೋಗಾಕಿಲ್ಲ. ಈ ಸುಗ್ಗೀಲೇ ತೂಗ್ಬೇಕು." ಆ ದನಿಗೆ ಎದುರಾಡುವವರು ಯಾರು?

ಹರಕೆಯ ಬೆಲ್ಲವೆಂದರೆ ಮೀಸಲು ಬೆಲ್ಲ. ಯಾರ ನಾಲಿಗೆಗೂ ತಾಕಿರಬಾರದು, ಅಂಗಡಿಯ ಬೆಲ್ಲ ಸೇರಬಾರದು. ಯಳಂದೂರಿನ ನನ್ನ ತವರಿನಲ್ಲಿ ಆಲೆಮನೆ ಇದೆ. ಮೊದಲ ಕೊಪ್ಪರಿಗೆಯಿಂದಲೇ ಅಚ್ಚು ಹಾಕಿ ಎತ್ತಿಡುತ್ತೇನೆಂದ ನನ್ನ ತಮ್ಮ ಭಾವನ ತೂಕ ಕೇಳಿದ. ಇವರು ಪೇಪರಿನಿಂದ ತಲೆಯೆತ್ತದೆ, ಹಾರುತ್ತಿದ್ದ ಕಾಲದ ತೂಕ ಹೇಳಿಬಿಟ್ಟರು. ನಾನು ಹೊಟ್ಟೆಯ ಕಡೆ ನೋಡಿದೆ. "ನಂಗೊತ್ತಿಲ್ವೇನೇ ನನ್ನ ತೂಕ?" ಎಂದು ಗದರಿದರು.

ಸುಗ್ಗಿ ಬಂದಾಗ ಬೆಲ್ಲದ ಮಂಡಿಯ ದೊಡ್ಡ ತಕ್ಕಡಿಯನ್ನು ತಂದು ಕೌದಳ್ಳಿಯ ಗುಡಿಯ ತೊಲೆಗೆ ಕಟ್ಟಿದರು. ಒಂದು ತಟ್ಟೆಗೆ ಬೆಲ್ಲ, ಇನ್ನೊಂದಕ್ಕೆ ಇವರು. ಕೂತ ಮೇಲೆ ತಟ್ಟೆ ಏಳುವವರೆಗೂ ಕಾಲು ಕೆಳಗಿಡುವಂತಿಲ್ಲ, ಇಟ್ಟರೆ ಹರಕೆ ಮುರಿದಂತೆ, ಮತ್ತೆ ಮುಂದಿನ ಸುಗ್ಗಿಯ ಮೀಸಲಿಗೇ ಕಾಯಬೇಕು. ನನ್ನ ತಮ್ಮ ಕೊನೆಯ ಅಚ್ಚು ಇಟ್ಟ. ಬೆಲ್ಲ ಮೇಲೆ ತೂಗಾಡುತ್ತಿತ್ತು. ಇವರು ನೆಲಕ್ಕೆ ಅಂಟಿಕೊಂಡೇ ಇದ್ದರು.

"ಭಾವ ಏಳಿದ್ ತೂಕಕ್ಕಿಂತ ಒಂದಚ್ಚು ಜಾಸ್ತೀನೇ ತಂದಿವ್ನಿ" ಎಂದು ತಮ್ಮ ಗೊಣಗಿದ. ಜನ ನಕ್ಕರು. ನನಗೂ ನಗು ಬಂದಿತ್ತು, ಅತ್ತೆಯ ಮುಖ ನೋಡುವವರೆಗೆ. ಅವರು ಬೆಲ್ಲವನ್ನು ನೋಡುತ್ತಿರಲಿಲ್ಲ, ಗರ್ಭಗುಡಿಯ ಕಡೆ ನೋಡುತ್ತಾ ತುಟಿ ಅಲುಗಿಸುತ್ತಿದ್ದರು. ಮುಂದಿನ ಸುಗ್ಗಿ ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು.

ಇವರೂ ಅದನ್ನು ನೋಡಿದರು. ಕೂತಲ್ಲೇ ಬೆನ್ನು ನೆಟ್ಟಗಾಯಿತು. ನಾನು ಎಂದೂ ಕೇಳಿರದ ಒಂದು ದನಿಯಲ್ಲಿ, "ತಗೋ" ಅಂದರು. ಫೋನು ಬಂತು, ವಾಚು ಬಂತು, ಬೀಗದ ಕೈಗೊಂಚಲು ಬಂತು. ಬೆಲ್ಟು, ಅಂಗಿ, ಬನಿಯನ್ನು. ನನ್ನ ತೋಳು ತುಂಬಿ ಸೆರಗೂ ತುಂಬಿತು. ಹೆಂಗಸರು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ತಟ್ಟೆ ಅಲುಗಿತು, ಏಳಲಿಲ್ಲ. ಇನ್ನುಳಿದದ್ದು ಪಂಚೆ. ಅದಕ್ಕೆ ಕೈ ಹೋದೀತೆಂದು ನಾನು ಮಾದಪ್ಪನಿಗೆ ಹೊಸ ಹರಕೆಯೊಂದನ್ನು ಹೊರುವುದರಲ್ಲಿದ್ದೆ. ಕೈ ಹೋದದ್ದು ಕೊರಳಿಗೆ. ಸೈನ್ಯಕ್ಕೆ ಸೇರುವಾಗ ಅತ್ತೆ ಕಟ್ಟಿದ್ದ ತಾಯಿತ ಅಲ್ಲಿತ್ತು.

"ಅದ ಮುಟ್ಬ್ಯಾಡ ಕಣ್ಲಾ" ಅಂದರು ಅತ್ತೆ.

ಇವರು ಕೈ ಹಿಂದೆಗೆದುಕೊಂಡರು. "ಅವತ್ತೂ ಇದೊಂದ್ನ ಎಸೀನಿಲ್ಲ ಕಣವ್ವ. ಬೂಟೂ ಎಸ್ದಿದ್ದೆ."

ಯಾವತ್ತು, ಯಾವ ಬೂಟು ಎಂದು ಅತ್ತೆ ಕೇಳಲಿಲ್ಲ. ಅಷ್ಟು ವರ್ಷ ಆ ಕುಂಟು ಕಾಲನ್ನು ಮರೆತಿರಲಿಲ್ಲವೇನೋ. ಕೋಲನ್ನು ನನ್ನ ತಮ್ಮನ ಕೈಗೆ ಕೊಟ್ಟು, ಬೆಲ್ಲದ ತಟ್ಟೆಯ ಹತ್ತಿರ ಹೋಗಿ, ಅಚ್ಚುಗಳ ಮೇಲೆ ಎರಡೂ ಕೈಯೂರಿ ಮೈಭಾರ ಬಿಟ್ಟರು.

"ಅವ್ವಾ, ಮೀಸಲು ಬುಟ್ಟು ಬ್ಯಾರೆ ಏನೂ ಸೇರಂಗಿಲ್ಲ" ಎಂದರು ಪೂಜಾರಿಗಳು.

"ನಾನೂ ಮೀಸಲೇ ಕಣಪ್ಪ. ಇವ್ನು ನೆಲ ಬುಟ್ಟ ದಿನದಿಂದ ನಾ ಮಾದಪ್ಪಂಗೇ ಮೀಸಲು."

ಪೂಜಾರಿಗಳು ಗಂಟೆ ಬಾರಿಸಿದರು. ತೊಲೆ ಕಿರುಗುಟ್ಟಿತು. ಬರಿಮೈಯ, ಡೊಳ್ಳು ಹೊಟ್ಟೆಯ ನಮ್ಮ ಯಜಮಾನರು ಕಾಲು ಮಡಚಿಕೊಂಡು ನೆಲದಿಂದ ಒಂದು ಗೇಣು ಮೇಲೆದ್ದರು.

ಜನ ಉಘೇ ಎಂದರು. ಅತ್ತೆ ಕಣ್ಣು ಮುಚ್ಚಲಿಲ್ಲ, ಬಾಗಿಲ ಹಿಂದೆ ಹೋಗಲಿಲ್ಲ. ಮಗ ಹಾರುವುದನ್ನು ಅವರು ನೋಡಿದ್ದು ಅದೊಂದೇ ಸಲ. ನೋಡುವಷ್ಟು ನೋಡಿ ಅಂದರು, "ಸಾಕು ಕಣ್ಲಾ ಮಗ, ಇನ್ ಇಳಿ."