ಹಗೇವಿನಲ್ಲಿಟ್ಟ ರೂಪಾಯಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಇಳಕಲ್ಲಿನ ಒಂದು ಬ್ಯಾಂಕಿನಲ್ಲಿ ಹೊಸ ಗುಮಾಸ್ತ. ಶನಿವಾರ ಮುಂಜಾನೆ ಬ್ಯಾಂಕು ತೆರೆಯುವ ಮೊದಲು ಮ್ಯಾನೇಜರು ನನ್ನನ್ನು ಸಾಲೆಗೆ ಅಟ್ಟುತ್ತಿದ್ದರು. ಉಳಿತಾಯ, ಬಡ್ಡಿ, ಬೆಲೆ ಎಂದರೇನೆಂದು ಮಕ್ಕಳಿಗೆ ತಿಳಿಸಬೇಕು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಊರಿಗೆಲ್ಲ ನಾನೊಬ್ಬನೇ ಸಿಕ್ಕೆನೇ ಎಂದು ಗೊಣಗುತ್ತಲೇ ಸೈಕಲ್ ಹತ್ತುತ್ತಿದ್ದೆ. ಈಗ ನೋಡಿದರೆ ಆ ಮುಂಜಾವುಗಳೇ ಬೇಕೆನಿಸುತ್ತವೆ. ಓಣಿ ತುಂಬ ಮಗ್ಗದ ಸದ್ದು, ಮನೆಗಳ ಮುಂದೆ ಗಳಕ್ಕೆ ಒಣಹಾಕಿದ ಕೆಂಪು ರೇಷ್ಮೆ, ತರಗತಿಗೆ ಕಾಲಿಟ್ಟೊಡನೆ ರಾಗವಾಗಿ ಬರುತ್ತಿದ್ದ ‘ನಮಸ್ಕಾರ್ರೀ ಸರ’.

ಮೊದಲ ದಿನ ‘ಠೇವಣಿ’ ಎಂದೆ. ಏಳನೆಯ ತರಗತಿ ಪಿಳಿಪಿಳಿ ನೋಡಿತು. ದನಿ ಏರಿಸಿ ಇನ್ನೊಮ್ಮೆ ಹೇಳಿದೆ, ಮತ್ತೂ ಪಿಳಿಪಿಳಿ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಮಾಸ್ತರರಿಗೆ ನನ್ನ ಮೇಲೆ ಕರುಣೆ ಬಂತು. “ಬ್ಯಾಂಕಂದ್ರ ರೊಕ್ಕದ ಹಗೇವು ಅಂತ ತಿಳ್ಕೋರ್ಲೇ” ಎಂದರು. ಹಗೇವೆಂದರೆ ನಮ್ಮ ಕಡೆ ಸುಗ್ಗಿಯ ಜೋಳ ಸುರಿದು, ಮೇಲೆ ಮಣ್ಣು ಮುಚ್ಚಿಡುವ ನೆಲದೊಳಗಿನ ಕಣಜ. ಮಕ್ಕಳ ಮುಖ ಅರಳಿತು. ಮುಂದಿನ ಶನಿವಾರವೇ ಬ್ಯಾಂಕಿಗೆ ಕಟ್ಟಲೆಂದು ನಾನು ಒಯ್ಯುತ್ತಿದ್ದ ತಗಡಿನ ಡಬ್ಬಿಯಲ್ಲಿ ಐದು ಪೈಸೆ, ಹತ್ತು ಪೈಸೆ ಬೀಳತೊಡಗಿದವು. ಆಮೇಲೆ ಹುನಗುಂದದ ಸಾಲೆಯಲ್ಲೂ ಅದೇ ಮಾತು ಹೇಳಿ, ನನ್ನದೇ ಎಂಬಂತೆ ಮೆರೆದೆ.

ಪರೀಕ್ಷೆ ಮುಗಿದ ಮೇಲೆ ಹಣ ಮರಳಿಸುವ ದಿನ. ಎರಡು ಜಡೆಯ ಹುಡುಗಿಯೊಬ್ಬಳು ತನ್ನ ರೂಪಾಯಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೇಜಿನ ಮೇಲೆ ಇಟ್ಟುಬಿಟ್ಟಳು. ಇದು ತನ್ನದಲ್ಲ ಎಂದಳು. ಅವಳ ತಾಯಿ ಮನೆಯಲ್ಲೇ ರೇಷ್ಮೆಗೆ ಬಣ್ಣ ಹಾಕುತ್ತಿದ್ದವಳು, ಹಿಂದಿನ ವರ್ಷ ಜ್ವರ ಬಂದು ತೀರಿಕೊಂಡಿದ್ದಳು. ದೊಡ್ಡ ಮಗಳ ಮದುವೆಯಲ್ಲಿ ಉಡಿ ತುಂಬುವಾಗ ಮಡಿಲಿಗೆ ಹಾಕಲೆಂದು ಒಂದು ರೂಪಾಯಿ ಎತ್ತಿಟ್ಟಿದ್ದಳಂತೆ. ಬಣ್ಣದ ಕೈ ತಾಗಿ ಅದರ ಅಕ್ಷರಗಳ ಸಂದಿಯಲ್ಲಿ ಕೆಂಪು ಉಳಿದಿತ್ತಂತೆ. ಮನೆಯಲ್ಲಿಟ್ಟರೆ ಅಪ್ಪ ಚಹಾಕ್ಕೆ ಖರ್ಚು ಮಾಡಿಯಾನೆಂದು ಈಕೆ ನನ್ನ ಡಬ್ಬಿಗೆ ಹಾಕಿದ್ದಳು. ಸೋಮವಾರ ಅಕ್ಕನ ಮದುವೆ.

“ಎಲ್ಲಾ ರೂಪಾಯಿನೂ ಒಂದ, ತಂಗಿ” ಎಂದೆ.

“ಹಗೇವಿನ್ಯಾಗ ನಾವು ಹಾಕಿದ ಜ್ವಾಳಾನ ನಮಗ ಬರ್ತಾವಲ್ರಿ ಸರ.”

ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು. ಮಾತು ಅವರದು, ಸಿಕ್ಕಿಬಿದ್ದವನು ನಾನು!

ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ನಿನಗೆಲ್ಲೋ ತಲೆ ಕೆಟ್ಟಿದೆ ಎಂದು ಬೈಯುತ್ತಲೇ ಕ್ಯಾಷಿಯರು ಚಿಲ್ಲರೆಯ ಚೀಲಗಳನ್ನು ನೆಲಕ್ಕೆ ಸುರಿದರು. ಮೂವರೂ ಕೂತು ಒಂದೊಂದೇ ರೂಪಾಯಿ ತಿರುವಿ ಹಾಕಿದೆವು. ಕೆಂಪು ಸಿಗಲಿಲ್ಲ. ಹುಡುಗಿ ಅಳಲಿಲ್ಲ, ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಹಾಗಾದರೆ ಅದು ಎಲ್ಲಿಗೆ ಹೋಯಿತೆಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೋ ನೋಟು ಕೊಟ್ಟು ಚಿಲ್ಲರೆ ಒಯ್ದಿರುತ್ತಾರೆ, ಬಸ್ಸಿನಲ್ಲಿ ಕಂಡಕ್ಟರನಿಗೆ ಕೊಟ್ಟಿರುತ್ತಾರೆ, ಅವನಿಂದ ಬಾಗಲಕೋಟೆಯ ಅಂಗಡಿಗೆ, ಅಲ್ಲಿಂದ ಬಾದಾಮಿಗೆ. ದುಡ್ಡು ಒಂದೇ ಕಡೆ ಕೂರುವುದಿಲ್ಲ ಎಂದೆ. ಅವಳು ಬಾದಾಮಿಗೂ ಹೋಗಿರುತ್ತದೆಯೇ ಎಂದು ಎರಡು ಸಲ ಕೇಳಿ, ಬೇರೆ ರೂಪಾಯಿಯನ್ನು ಲಂಗದ ಚುಂಗಿಗೆ ಗಂಟು ಹಾಕಿಕೊಂಡು ಹೋದಳು. ನನ್ನ ವರ್ಷದ ಪಾಠವೆಲ್ಲ ಮಣ್ಣುಪಾಲಾಯಿತು ಎನಿಸಿತು.

ಸೋಮವಾರ ಮನಸ್ಸು ತಡೆಯದೆ ಮದುವೆಗೆ ಹೋದೆ. ಉಡಿ ತುಂಬುವಾಗ ತಂಗಿ ಗಂಟು ಬಿಚ್ಚಿ ರೂಪಾಯಿ ಕೊಟ್ಟಳು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಅವ್ವನ ರೂಪಾಯಿ ಎಲ್ಲಿ ಎಂದು ಕೇಳಿದಳು. ನಾನು ಕಂಬದ ಹಿಂದೆ ಸರಿದೆ.

“ಅವ್ವ ಒಂದಿನಾನೂ ಬಣ್ಣದ ಕೆಲಸ ಬಿಟ್ಟು ಎಲ್ಲೀಗೂ ಹೋಗಲಿಲ್ಲಲ್ಲಕ್ಕಾ” ಎಂದಳು ತಂಗಿ. “ಬದಾಮಿ ನೋಡಬೇಕಂತಿದ್ಲು. ನೋಡಾಕ ಹೋಗ್ಯಾಳ.”

ಅಕ್ಕ ಬಿಳಿ ರೂಪಾಯಿಗೆ ಕುಂಕುಮ ತಿಕ್ಕಿ, ಉಡಿಯೊಳಗೆ ಇಟ್ಟುಕೊಂಡಳು.