ಅವನ ತುಟಿ, ನನ್ನ ಮಾತು

ಚೀಲದಲ್ಲಿ ಜ್ಯೇಷ್ಠಮಧುವಿನ ಕಡ್ಡಿಯಿಲ್ಲದೆ ನಾನು ಹಲಸೂರಿನ ಮನೆಯ ಹೊಸ್ತಿಲು ದಾಟಿದವನಲ್ಲ. ಗಂಟಲು ಕೆಟ್ಟರೆ ನನಗೇನೂ ನಷ್ಟವಿಲ್ಲ ಬಿಡಿ, ನನ್ನ ಮಾತನ್ನು ಕೇಳುವವರು ಯಾರಿದ್ದಾರೆ? ಆದರೆ ಈ ಗಂಟಲನ್ನು ನಂಬಿಕೊಂಡು ಸ್ಕಾಟ್ಲೆಂಡಿನವನೊಬ್ಬ ಹನ್ನೆರಡು ವರ್ಷದಿಂದ ಟಿವಿಯಲ್ಲಿ ಕನ್ನಡ ಮಾತಾಡುತ್ತಿದ್ದಾನೆ. ಇಂದಿರಾನಗರದ ಸ್ಟುಡಿಯೋದಲ್ಲಿ ನಿಂತು, ಪರದೆಯ ಮೇಲೆ ಅವನ ತುಟಿ ಅಲುಗಿದಾಗ ಬಾಯಿ ತೆರೆಯುವುದು, ನಿಂತಾಗ ಮುಚ್ಚುವುದು, ಇಷ್ಟೇ ನನ್ನ ಉದ್ಯೋಗ. ಅವನ ಬಾಯಿಗೆ ನನ್ನ ಮಾತು, ನನ್ನ ಹೊಟ್ಟೆಗೆ ಅವನ ಬಾಯಿ. ಋಣಾನುಬಂಧವೆಂದರೆ ಇದೇ ಇರಬೇಕು.

ಮೊದಲು ಕಂಡಾಗ ಅವನು ಬರೀ ನಟ, ಅದೂ ಪತ್ತೇದಾರಿ ಧಾರಾವಾಹಿಯೊಂದರಲ್ಲಿ ಇನ್ಸ್‌ಪೆಕ್ಟರ್ ಹಿಂದೆ ಕೊಡೆ ಹಿಡಿದು ನಿಲ್ಲುವ ಪೇದೆ. 'ಹೌದು ಸರ್' ಎಂಬುದನ್ನು ಎಷ್ಟು ಬಗೆಯಲ್ಲಿ ಹೇಳಿದ್ದೇನೆಂದರೆ, ಹೆಂಡತಿ ಕರೆದರೂ ಬಾಯಿಗೆ ಅದೇ ಬರುತ್ತಿತ್ತು. ಆಮೇಲೆ ಪುಣ್ಯಾತ್ಮ ಪೇದೆಯ ಟೋಪಿ ತೆಗೆದಿಟ್ಟು ನಿರೂಪಕನಾದ. ಪಾಳುಬಿದ್ದ ಕೋಟೆ, ಮಂಜು ಕವಿದ ದ್ವೀಪ, ಕುರಿಗಾಹಿಗಳ ಅಡುಗೆಮನೆ ಎಂದು ಊರೂರು ಸುತ್ತತೊಡಗಿದ. ಅವನ ಕೂದಲು ನರೆಯಿತು, ನನ್ನದು ಉದುರಿತು. ಅವನು ಬೆಟ್ಟ ಹತ್ತಿ ಏದುಸಿರು ಬಿಟ್ಟರೆ ನಾನು ಎ.ಸಿ. ಕೋಣೆಯಲ್ಲಿ ನಿಂತಲ್ಲೇ ಏದುಸಿರು ಬಿಟ್ಟೆ. ಒಂದು ಕಾಲಕ್ಕೆ ನನಗೂ ನಾಟಕದ ಹುಚ್ಚಿದ್ದುದು ಆಗೆಲ್ಲ ನೆನಪಾಗಿ ಹೊಟ್ಟೆಕಿಚ್ಚಾಗುತ್ತಿತ್ತು, ನಿಮ್ಮ ಮುಂದೆ ಸುಳ್ಳೇಕೆ ಹೇಳಲಿ?

ಹೋದ ವಾರ ಸೌಂಡ್ ಇಂಜಿನಿಯರ್ ಶಬಾನಾ ಫೋನ್ ಮಾಡಿ, "ಸರ್, ಇದೇ ಲಾಸ್ಟ್ ಎಪಿಸೋಡ್. ಅವ್ರು ಟಿವಿ ಬಿಟ್ಟು ನಾಟ್ಕಕ್ಕೆ ವಾಪಸ್ ಹೋಗ್ತಾರಂತೆ" ಎಂದಳು. ನಾಟಕಕ್ಕೆಲ್ಲಿಯ ಡಬ್ಬಿಂಗ್? ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕೆರೆಯ ಸುತ್ತ ನಡೆದೆ, ಬೇಡದ ಸಾಮಾನಿನ ನೆಪ ಮಾಡಿ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆ, ಏನೂ ಕೊಳ್ಳದೆ ಬಂದೆ. ನನ್ನನ್ನೊಂದು ಮಾತು ಕೇಳದೆ ಅವನು ಹೇಗೆ ತೀರ್ಮಾನಿಸಿದ ಎಂದು ಸಿಟ್ಟು. ನಾನೊಬ್ಬ ಇದ್ದೇನೆಂಬುದೇ ಅವನಿಗೆ ಗೊತ್ತಿಲ್ಲವೆಂದು ಹೊಳೆದಾಗ ಇನ್ನೂ ಸಿಟ್ಟು.

ನಿನ್ನೆ ರೆಕಾರ್ಡಿಂಗ್ ಇತ್ತು. ಕೊನೆಯಲ್ಲಿ ಅವನು ಸಮುದ್ರಕ್ಕೆ ಬೆನ್ನು ಮಾಡಿ ವಿದಾಯ ಹೇಳುತ್ತಾನೆ. ಹಾಳೆಯಲ್ಲಿ 'ನಾನಿನ್ನು ಹೋಗ್ತೀನಿ' ಎಂದಿತ್ತು. ನನ್ನ ಬಾಯಲ್ಲಿ 'ಬರ್ತೀನಿ' ಎಂದೇ ಬಂತು.

"ಅರೆ ಸರ್, ಅವ್ರು ಬರಲ್ಲ" ಎಂದಳು ಶಬಾನಾ.

"ಹೊರಡೋರು ಯಾರಾದ್ರೂ ಹೋಗ್ತೀನಿ ಅಂತಾರೇನಮ್ಮ?" ಎಂದೆ. ಮೂರು ಸಲ ಹೇಳಿಸಿ ನೋಡಿ, ಸಾಕಾಗಿ, ಹಾಗೇ ಬಿಟ್ಟಳು.

ನಾನು ಚೀಲ ಎತ್ತಿಕೊಳ್ಳುವಾಗ ತಡೆದಳು. "ನಿಮ್ದೇ ವಾಯ್ಸಲ್ಲಿ ಒಂದು ಸ್ಯಾಂಪಲ್ ಕೊಡಿ ಸರ್, ಬೇರೆ ಕಡೆಗೆ ಕಳಿಸ್ತೀನಿ. ನಿಮ್ಮ ಬಗ್ಗೆನೇ ಏನಾದ್ರೂ ಹೇಳಿ, ಸಾಕು."

ಪಾಪ, ಒಳ್ಳೆಯ ಹುಡುಗಿ. ಮತ್ತೆ ಮೈಕಿನ ಮುಂದೆ ನಿಂತೆ. ಎದುರಿನ ಪರದೆ ಆರಿತ್ತು. 'ನಾನು' ಎಂದೆ. ಹನ್ನೆರಡು ವರ್ಷ ಆ ಪದ ಹೇಳಿದಾಗಲೆಲ್ಲ ಅದು ಅವನೇ ಆಗಿತ್ತು. ಈಗಲೂ ಎಲ್ಲಿ ಶುರು ಮಾಡಬೇಕೆಂದು ಕಣ್ಣು ಆ ಖಾಲಿ ಪರದೆಯನ್ನೇ ನೋಡುತ್ತಿತ್ತು. ಗಾಜಿನ ಆಚೆ ಶಬಾನಾ ಕಾಯುತ್ತಿದ್ದಳು.

"ಒಂದ್ ನಿಮ್ಷ ಅವನ ಮುಖ ಹಾಕಮ್ಮ" ಎಂದೆ.