ಗದ್ದೆ ಮನೆಯಲ್ಲಿ ನವಣೆ ದೋಸೆ

ನಮ್ಮ ಮನೆಯವರ ಎಡ ಅಂಗಾಲಿಗೆ ಕಬ್ಬಿನ ಕೂಳೆ ಚುಚ್ಚಿದ್ದು ಅವರಿಗೇ ಗೊತ್ತಾಗಿರಲಿಲ್ಲ. ಸಂಜೆ ಗದ್ದೆಯಿಂದ ಬಂದು ಕಾಲು ತೊಳೆಯುವಾಗ ಬಚ್ಚಲ ಕಲ್ಲಿನ ಮೇಲೆ ರಕ್ತ ಹರಿಯುವುದನ್ನು ಕಂಡು ಕೂಗಿಕೊಂಡವಳು ನಾನು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಜೋಮು ಹಿಡಿದು ಎಷ್ಟೋ ಕಾಲವಾಗಿತ್ತು. "ಏನಾಗಲ್ಲ ಬುಡು, ಒಸಿ ಅರಿಶಿನ ಆಕು" ಅಂದರು. ಹಾಕಿದೆ. ವಾರದೊಳಗೆ ಪಾದ ಊದಿ ಕೀವು ಕಟ್ಟಿತು. ನಮ್ಮೂರು ಹೊನ್ನೂರಿನಿಂದ ಆಟೋ ಮಾಡಿಕೊಂಡು ಕೊಳ್ಳೇಗಾಲಕ್ಕೆ ಓಡಿದೆವು.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಮಾತ್ರೆ, ಇಂಜೆಕ್ಷನ್ ನಾನು ಕೊಡ್ತೀನಮ್ಮ. ಸಕ್ಕರೆ ಇಳಿದ್ರೆ ಗಾಯ ಮಾಗುತ್ತೆ, ಕಾಲು ಉಳಿಯುತ್ತೆ. ಇಳೀಲಿಲ್ಲ ಅಂದ್ರೆ ಕಾಲು ತೆಗೀಬೇಕಾಗುತ್ತೆ. ಮನೇಲಿ ಅನ್ನ ಬಿಡಿಸಿ, ಸಿರಿಧಾನ್ಯ ಕೊಡಿ" ಅಂದರು.

ಅನ್ನ ಬಿಡಿಸಬೇಕಂತೆ! ಹೇಳುವುದು ಸಲೀಸು. ನಮ್ಮದು ನಾಲೆ ನೀರಿನ ಗದ್ದೆ. ಮನೆಯಲ್ಲಿ ಭತ್ತ ಇರುವಾಗ ಬೇರೆ ಕಾಳು ಬೇಯಿಸುವುದೆಂದರೆ ಇಲ್ಲಿಯವರಿಗೆ ಮರ್ಯಾದೆ ಹೋದ ಹಾಗೆ. ನಾನು ಹುಟ್ಟಿದ್ದು ಹನೂರಿನ ಆಚೆ, ಮಳೆ ನಂಬಿದ ಹೊಲಗಳ ಊರಿನಲ್ಲಿ; ರಾಗಿ, ಸಾಮೆ, ನವಣೆ ಉಂಡು ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ನೆಂಟರ ಮುಂದೆ ನನ್ನ ತಟ್ಟೆಗೆ ಅನ್ನ ಬಡಿಸುತ್ತಾ ಅತ್ತೆ, "ನಮ್ ಸೊಸೆ ಸಾಮೆ ಸೀಮೆಯೋಳು ಕಣವ್ವ, ಬುಡಿ, ಹೊಟ್ಟೆ ತುಂಬ ಅನ್ನ ಉಣ್ಲಿ" ಎಂದು ನಗಾಡಿದ್ದರು. ಎಲ್ಲರೂ ನಕ್ಕರು. ಸುಳ್ಳು ಯಾಕೆ ಹೇಳಲಿ, ಆ ನಗು ನನಗೆ ಇವತ್ತಿಗೂ ಉರಿಯುತ್ತದೆ.

ಕೊಳ್ಳೇಗಾಲದ ಅಂಗಡಿಯಲ್ಲೇ ನವಣೆ, ಸಾಮೆ ತಂದೆ. ನನ್ನ ತವರಿನಲ್ಲಿ ಮೊರದಲ್ಲಿ ಕೇರುತ್ತಿದ್ದ ಕಾಳು ಈಗ ಬಣ್ಣದ ಪ್ಯಾಕೆಟ್ಟಿನಲ್ಲಿ ಕೂತಿತ್ತು. ಮೊದಲ ದಿನ ನವಣೆ ಅನ್ನವನ್ನೇ ಮಾಡಿ ಬಡಿಸಿದರೆ ಮನೆಯವರು ಒಂದು ತುತ್ತಿಗೇ ಕೈ ತೊಳೆದುಕೊಂಡರು. "ಮರಳು ಅಗ್ದಂಗಾಯ್ತದೆ ಕಣೇ" ಅಂದರು. ಆದರೆ ದೋಸೆ ಎಂದರೆ ಅವರಿಗೆ ಪ್ರಾಣ. ಹಾಗಾಗಿ ನವಣೆಯನ್ನು ನೆನೆಸಿ, ಬೆರಳಲ್ಲಿ ಒತ್ತಿದರೆ ಕರಗುವ ಹಾಗೆ ಬೇಯಿಸಿ, ಆರಿಸಿ, ನೆನೆದ ಉದ್ದು ಮೆಂತ್ಯದ ಜೊತೆ ರುಬ್ಬಿ ಹುಳಿಯಲು ಇಟ್ಟೆ. ಬೆಂದ ಕಾಳಾದ್ದರಿಂದ ತರಿ ಉಳಿಯುವುದಿಲ್ಲ, ಹಲ್ಲಿಗೆ ಸಿಗುವುದಿಲ್ಲ. ಒಂದು ದಿನ ಸಾಮೆ, ಇನ್ನೊಂದು ದಿನ ಇಡೀ ರಾಗಿ ಬೇಯಿಸಿ ಹಾಕುತ್ತಿದ್ದೆ.

ರುಚಿ ಪರವಾಗಿರಲಿಲ್ಲ, ರೂಪ ಮಾತ್ರ ದೇವರಿಗೇ ಪ್ರೀತಿ. ಹುಯ್ದ ದೋಸೆ ಕಾವಲಿಗೆ ಕಚ್ಚಿಕೊಂಡು ಕೂರುತ್ತಿತ್ತು. ಮಗುಚಿದರೆ ಚಿಂದಿ ಚಿಂದಿ. "ಇದು ದೋಸೆಯೋ ಉಪ್ಪಿಟ್ಟೋ, ಏಳ್ಬುಟ್ಟು ಬಡ್ಸು" ಎಂದು ಮನೆಯವರು ಗೇಲಿ ಮಾಡುತ್ತಿದ್ದರು. ಗೇಲಿ ಮಾಡಿದರೂ ತಿಂದರು. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. ಕೀವು ನಿಂತು ಗಾಯದ ಅಂಚಿನಲ್ಲಿ ಕೆಂಪು ಮಾಂಸ ಕಾಣಿಸಿಕೊಂಡಿತು. ಡಾಕ್ಟರು ನನ್ನ ಕಡೆ ತಿರುಗಿ, "ಹಿಂಗೇ ಮಾಡ್ಕೊಂಡು ಹೋಗಿ" ಅಂದರು. ಬಸ್ಸಿನಲ್ಲಿ ಬರುತ್ತಾ ನನಗೆ ಕಣ್ಣೀರು ಬಂತು.

ಆ ದಿನಗಳಲ್ಲೇ ಪಕ್ಕದ ಮನೆಯಾಕೆ ರೋಗಿಯನ್ನು ನೋಡಲು ಬಂದಳು. ತಟ್ಟೆ ನೋಡಿ ಅತ್ತೆಗೆ, "ಇದ್ಯಾಕವ್ವ, ನಿಮ್ಮನೇಲೂ ಅಕ್ಕಿ ಮುಗ್ದೋಯ್ತಾ?" ಅಂದಳು. ತಮಾಷೆಗೆ ಅಂದದ್ದು. ಅತ್ತೆಯ ಮುಖ ಕಪ್ಪಿಟ್ಟಿತು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ.

ಮಾರನೆಯ ದಿನ ಅವರೇ ಅಡುಗೆ ಮನೆಗೆ ಬಂದರು. "ಇತ್ಲಾಗ್ ಕೊಡಮ್ಮಿ, ಗ್ರೈಂಡರ್ ಮುಂದೆ ನಾನ್ ಕೂತ್ಕತೀನಿ. ನೀನು ದನ ನೋಡೋಗು" ಅಂದರು. ಮಂಡಿ ನೋವಿನ ಮುದುಕಿ, ಮಗನಿಗಾಗಿ ಇಷ್ಟಾದರೂ ಮಾಡುತ್ತಾರಲ್ಲ, ನವಣೆ ಕಡೆಗೂ ಈ ಮನೆಗೆ ಒಗ್ಗಿತಲ್ಲ ಎಂದು ನನಗೆ ಖುಷಿಯೇ ಆಯಿತು. ಬೇಯಿಸಿದ ಕಾಳು, ನೆನೆದ ಉದ್ದು ಅವರ ಪಕ್ಕದಲ್ಲಿಟ್ಟು ಕೊಟ್ಟಿಗೆಗೆ ಹೋಗುತ್ತಿದ್ದೆ.

ಅಲ್ಲಿಂದ ದೋಸೆಯ ಹಣೆಬರಹವೇ ಬದಲಾಯಿತು. ಹಿಟ್ಟು ಪಾತ್ರೆಯ ಬಾಯಿಗೆ ಬರುತ್ತಿತ್ತು. ದೋಸೆ ಕಾವಲಿಯಿಂದ ತಾನಾಗಿ ಎದ್ದು ಬರುತ್ತಿತ್ತು, ಅಂಚು ಹೊಂಬಣ್ಣ, ನಡುವೆ ಹೂವಿನಂಥ ಮೆದು. ನನ್ನ ಕೈ ಪಳಗಿತು ಅಂದುಕೊಂಡೆ. ಹನೂರಿನ ತಂಗಿಗೆ ಫೋನು ಮಾಡಿ, "ಕಾಳು ಇನ್ನೊಂಚೂರು ಬೇಯ್ಬೇಕು ಕಣೇ, ಅದೇ ಗುಟ್ಟು" ಎಂದು ಪಾಠ ಹೇಳಿದೆ. ಮನೆಯವರು ಒಂದರ ಮೇಲೆ ಒಂದು ಹಾಕಿಸಿಕೊಂಡು ತಿಂದರು. ಈಗ ಗೇಲಿ ಮಾಡುವುದನ್ನು ಬಿಟ್ಟಿದ್ದರು, ತಲೆ ತಗ್ಗಿಸಿ ತಿನ್ನುತ್ತಿದ್ದರು. ರುಚಿ ಹತ್ತಿದೆ ಅಂದುಕೊಂಡೆ.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. ಇಂಜೆಕ್ಷನ್ ಹೆಚ್ಚಿಸಿದರು. ಮತ್ತೆ ಏರಿತು. ಮಾಗುತ್ತಿದ್ದ ಗಾಯ ಬಾಯಿ ಬಿಟ್ಟಿತು. ಡಾಕ್ಟರು ಎಲ್ಲರ ಮುಂದೆ ನನಗೆ ಗದರಿದರು: "ಅನ್ನ ಕೊಡ್ತಿದ್ದೀರಾ ಇಲ್ವಾ, ನಿಜ ಹೇಳಿ." ಒಂದಗುಳು ಕೊಟ್ಟಿಲ್ಲ ಎಂದು ಆಣೆ ಮಾಡಿದೆ. ಹೊರಗೆ ಬಂದು ನನ್ನ ಸಿಟ್ಟನ್ನೆಲ್ಲ ಮನೆಯವರ ಮೇಲೆ ಸುರಿದೆ. ನಾನಿಲ್ಲದಾಗ ಏನು ತಿನ್ನುತ್ತೀರಿ, ಯಾರು ತಂದುಕೊಡುತ್ತಾರೆ? ಅಂಗಿಯ ಜೇಬು ತಡಕಿದೆ. ಬೆಲ್ಲದ ಡಬ್ಬಿಗೆ ಬೀಗ ಹಾಕಿದೆ. ನೋಡಲು ಬಂದವರ ಕೈಚೀಲವನ್ನೂ ಬಿಡಲಿಲ್ಲ. "ಏನೂ ತಿಂದಿಲ್ಲ" ಅಂದರೇ ಹೊರತು ಅವರು ಬೇರೇನೂ ಹೇಳಲಿಲ್ಲ. ಕಿರುಬೆರಳು ಕಪ್ಪಾಯಿತು, ತೆಗೆದರು. ಪಕ್ಕದ್ದೂ ಕಪ್ಪಾಯಿತು. ಕಡೆಗೆ ಮೈಸೂರಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಮೈಸೂರಿಗೆ ಹೊರಡುವ ಹಿಂದಿನ ದಿನ ಬಟ್ಟೆ ಗಂಟು ಕಟ್ಟುತ್ತಿದ್ದವಳು ನೀರಿಗೆಂದು ಅಡುಗೆ ಮನೆಗೆ ಹೋದೆ. ಗ್ರೈಂಡರ್ ತಿರುಗುತ್ತಿತ್ತು. ಆ ಸದ್ದಿಗೆ ಅತ್ತೆಗೆ ನಾನು ಬಂದದ್ದು ಕೇಳಿಸಲಿಲ್ಲ. ಅವರು ಹಿಂದಿನ ದಿನದ ಅನ್ನದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಹಿಡಿ ಹಿಡಿಯಾಗಿ ಗ್ರೈಂಡರಿಗೆ ಹಾಕುತ್ತಿದ್ದರು. ನನ್ನ ನವಣೆಯಲ್ಲಿ ಅರ್ಧಕ್ಕರ್ಧ ಪಕ್ಕದ ಬಟ್ಟಲಿನಲ್ಲೇ ಉಳಿದಿತ್ತು. ಅತ್ತೆಗೂ ನನಗೂ ಬೇಯಿಸಿ ಉಳಿದ ಅನ್ನವೆಲ್ಲ ದನಕ್ಕೆ ಹೋಗುತ್ತಿದೆ ಎಂದು ನಾನು ನಂಬಿದ್ದೆ.

"ಏನತ್ತೆ ಇದು?"

ಬೆಚ್ಚಿದರು. ಆದರೆ ಪಾತ್ರೆ ಬಚ್ಚಿಡಲಿಲ್ಲ. "ಅನ್ನ ಕಣಮ್ಮಿ. ವಿಸವಾ?"

"ಎಷ್ಟು ದಿನದಿಂದ?"

"ಅವ್ನ ಕತ್ತಿನ ಮೂಳೆ ನೋಡಿದ್ದೀಯಾ ನೀನು? ದಿನಾ ಸಣ್ಣಗಾಯ್ತಾ ಬಂದ. ಊರಿಗೆಲ್ಲ ಅಕ್ಕಿ ಬೆಳ್ಕೊಡೋನು, ಅವ್ನ ತಟ್ಟೇಲಿ ಒಂದಗುಳಿಲ್ಲ. ನನ್ ಕಣ್ಮುಂದೆ ಮಗ ಅಸ್ಕಂಡು ಸಾಯ್ಲಾ?"

"ಅವರ ಕಾಲು ತಿಂದ್ಬುಟ್ರಲ್ಲಾ ಅತ್ತೆ!" ಎಂದು ಕಿರುಚಿದೆ. ಅವರು ನನ್ನ ಮುಖವನ್ನೇ ನೋಡಿದರು. "ಅನ್ನಕ್ಕೂ ಕಾಲಿಗೂ ಏನಮ್ಮಿ?" ಅಂದರು. ಹಟಕ್ಕೆ ಅಂದದ್ದಲ್ಲ, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ. ಕಾಲು ಹೋಗುತ್ತದೆ ಎಂದು ಮನೆಯಲ್ಲಿ ದಿನಾ ಮಾತಾಡಿದ್ದೆವು. ಆದರೆ ಅನ್ನದಿಂದ ಯಾರಿಗಾದರೂ ಕೇಡಾಗುತ್ತದೆ ಎಂಬುದು ಅವರ ತಲೆಗೆ ಇಳಿಯುವ ಮಾತೇ ಆಗಿರಲಿಲ್ಲ. ಆ ಹಿಟ್ಟನ್ನು ಹೊತ್ತುಕೊಂಡು ಹೋಗಿ ದನಗಳ ಕಲಗಚ್ಚಿನ ಬಾನಿಗೆ ಸುರಿದೆ. ಅತ್ತೆ ಅಲ್ಲೇ ಕೂತು ಅತ್ತರು. ನನಗೆ ಒಂಚೂರೂ ಕನಿಕರ ಬರಲಿಲ್ಲ.

ಮೈಸೂರಿನಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು. ಅನ್ನ ಸೇರದೇ ಇದ್ದಿದ್ದರೆ ಉಳಿಯುತ್ತಿತ್ತೇ ಎಂದು ಅಲ್ಲಿನ ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲಮ್ಮ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು" ಅಂದರು. ಉಳಿಯುತ್ತಿತ್ತು ಎಂದಿದ್ದರೆ ಅತ್ತೆಯನ್ನು ದ್ವೇಷಿಸಿಕೊಂಡಾದರೂ ಇರುತ್ತಿದ್ದೆ. ಇಲ್ಲ ಎಂದಿದ್ದರೆ ಕ್ಷಮಿಸಲು ನೋಡುತ್ತಿದ್ದೆ. ಈ ಉತ್ತರ ಇಟ್ಟುಕೊಂಡು ಏನು ಮಾಡಲಿ?

ಮನೆಯವರಿಗೆ ಇದನ್ನು ಹೇಳಲು ನಾನು ಬಹಳ ದಿನ ಕಾದೆ. ಹೊಲಿಗೆ ಒಣಗಲಿ, ಮನಸ್ಸು ಗಟ್ಟಿಯಾಗಲಿ ಎಂದು. ಒಂದು ಮಧ್ಯಾಹ್ನ ಅತ್ತೆ ಹಿತ್ತಿಲಲ್ಲಿದ್ದಾಗ ಮಂಚದ ಪಕ್ಕ ಕೂತು, "ದೋಸೆ ಹಿಟ್ಟಿಗೆ ನಿಮ್ಮವ್ವ ಅನ್ನ ಸೇರಿಸ್ತಿದ್ರು" ಅಂದೆ.

"ಗೊತ್ತಿತ್ತು" ಅಂದರು.

"ಹೆಂಗೆ?" ಅಂದೆ.

"ನಾನ್ ಬೆಳ್ದ ಅಕ್ಕಿ ಬಾಯ್ಗಿಟ್ರೆ ನಂಗೆ ಗೊತ್ತಾಗಲ್ವಾ? ಮೊದಲ್ನೇ ದಿನ್ವೇ ಗೊತ್ತಾಯ್ತು."

"ಗೊತ್ತಿದ್ದೂ ತಿಂದ್ರಾ?"

"ಅವ್ವ ಬಾಗ್ಲಲ್ಲಿ ನಿಂತ್ಕಂಡು ನೋಡೋಳು. ಇನ್ನೊಂದಾಕು ಅಂದ್ರೆ ಅವ್ಳ ಮೊಕ ಅರಳೋದು. ಎಂಗೆ ಬ್ಯಾಡ ಅನ್ಲಿ? ನಾಳೆಯಿಂದ ಬುಟ್ಬುಡ್ಮ ಅನ್ಕತಿದ್ದೆ. ದಿನಾ ಅನ್ಕತಿದ್ದೆ."

"ನಾನು ನಿಮ್ಮ ಜೇಬು ತಡಕಿದಾಗ? ಬಾಯಿಗ್ ಬಂದಂಗೆ ಬೈದಾಗ? ಆಗ್ಲಾದ್ರೂ ಬಾಯ್ ಬಿಡಬಾರದಿತ್ತಾ?"

"ಏಳಿದ್ರೆ ನೀನು ಅವ್ವನ್ನ ಬುಡ್ತಿದ್ಯಾ?"

"ಬುಡ್ತಿರ್ಲಿಲ್ಲ" ಅಂದೆ. "ಊರೆಲ್ಲಾ ಒಂದಾಗಂಗೆ ಜಗಳ ಆಡ್ತಿದ್ದೆ. ನೀವು ಎರಡೂ ಕಾಲ್ಮೇಲೆ ನಿಂತ್ಕಂಡು ಕೇಳ್ತಿದ್ರಿ."

ಅವರು ಗೋಡೆಯ ಕಡೆ ತಿರುಗಿಕೊಂಡರು.